ದೂರಿಲ್ಲದ ದಿನಗಳು

ತ್ರಿವೇಣಿ ರವಿವಾರ ಪೇಟೆಯ ಕಾಳುಕಡಿ ಅಂಗಡಿಯಲ್ಲಿ ತೂಕದ ಚೀಟಿ ಬರೆಯುತ್ತಾಳೆ. ಹಮಾಲ ಬಾಳಪ್ಪ ಕಾಟಾದ ಮೇಲೆ ಚೀಲ ಇಟ್ಟು ಅಂಕಿ ಕೂಗುತ್ತಾನೆ, ಅದು ಅವಳ ಪೆನ್ನಿಗೆ ಇಳಿಯುತ್ತದೆ. ಬರೆದಿಟ್ಟದ್ದು ಸುಳ್ಳು ಹೇಳುವುದಿಲ್ಲ ಎಂದು ನಂಬಿದವಳು. ಮಗಳು ಸಾಕ್ಷಿಗೆ ಏಳನೇ ವಯಸ್ಸಿನಲ್ಲಿ ಎಡಿಎಚ್‌ಡಿ ಇದೆ ಎಂದು ತಿಳಿದು ಗುಳಿಗೆ ಶುರುವಾದಾಗ, ಅದಕ್ಕೆಂದೇ ಒಂದು ಡೈರಿ ತೆಗೆದಳು. ಪುಟಕ್ಕೆ ಮೂರು ಸಾಲು: ಗುಳಿಗೆಯ ಹೊತ್ತು, ನಿದ್ದೆ, ದೂರು.

ದೂರಿಗೇ ಜಾಗ ಸಾಲುತ್ತಿರಲಿಲ್ಲ. ಆದರೂ ನಾಲ್ಕು ವರ್ಷ ಸಣ್ಣ ಡೋಸಿನಲ್ಲೇ ಬಂಡಿ ಸಾಗಿತು. ಈ ಜೂನ್‌ನಲ್ಲಿ ಸಾಕ್ಷಿ ಆರನೇ ತರಗತಿಗೆ ಕಾಲಿಟ್ಟಳು ನೋಡಿ, ಶಾಲೆಯ ಟೀಚರು ಶಿವಬಸವ್ವ ಹದಿನೈದು ದಿನದಲ್ಲಿ ಆರು ಸಲ ಫೋನ್ ಮಾಡಿದರು.

"ಹುಡುಗಿ ಎತ್ತರ ಆಗ್ಯಾಳ. ಅಂಗಿ ಅಳತಿ ಬದಲಾತು, ಗುಳಿಗಿ ಅಷ್ಟ ಇದ್ರ ಹೆಂಗ್ರೀ?"

ಖರೇ ಅನ್ನಿಸಿತು ತ್ರಿವೇಣಿಗೆ. ಡೈರಿ ಹಿಡಿದು ಡಾಕ್ಟರ್ ಶೀತಲ ಅವರ ಬಳಿ ಹೋಗಿ, ದೂರಿನ ಸಾಲುಗಳನ್ನಷ್ಟೇ ಓದಿ ಹೇಳಿದಳು. ಡೋಸು ಏರಿತು. "ಊಟ, ತೂಕ, ಹುಡುಗಿ ಹೆಂಗ ಇರ್ತಾಳ, ಎಲ್ಲಾ ಬರದು ತಿಂಗಳಿಗೆ ಬರ್ರಿ," ಎಂದರು ಡಾಕ್ಟರು. ತ್ರಿವೇಣಿ ಎಂದಿನ ಮೂರು ಸಾಲನ್ನೇ ಬರೆದಳು. ಮೂರನೆಯದರಲ್ಲಿ ದಿನವೂ ಒಂದೇ ಮಾತು: ದೂರಿಲ್ಲ. ಎಲ್ಲ ನೆಟ್ಟಗಾಯಿತಲ್ಲ ಎಂದು ತಿಂಗಳಿಗೆ ಹೋಗಲೂ ಇಲ್ಲ. ಎರಡು ತಿಂಗಳು ಕಳೆಯಿತು.

ಸೆಪ್ಟೆಂಬರ್‌ನ ಒಂದು ಭಾನುವಾರ ಗಂಡ ಶಶಿಧರನ ತಾಯಿ-ತಂದೆ ಇರುವ ಖಾನಾಪುರಕ್ಕೆ ಮೂವರೂ ಹೊರಟರು. ಮೊದಲೆಲ್ಲ ಬಸ್ಸಿನಲ್ಲಿ ಕನ್ನಡ, ಮರಾಠಿ ಬೋರ್ಡುಗಳನ್ನೆಲ್ಲ ಕೂಗಿ ಓದಿ ಕಂಡಕ್ಟರನ ತಲೆ ತಿನ್ನುತ್ತಿದ್ದ ಸಾಕ್ಷಿ, ಮಡಿಲಲ್ಲಿ ಕೈ ಇಟ್ಟು ಕೂತಿದ್ದಳು.

ಊಟದ ಹೊತ್ತಿಗೆ ಮಾವ ಈರಯ್ಯ ಪಕ್ಕದ ಮನೆಯ ಭರಮಣ್ಣನನ್ನು ಕರೆದು ಕೂರಿಸಿದರು.

"ನೋಡಪಾ ನನ್ನ ಮೊಮ್ಮಗಳನ್ನ. ಹ್ವಾದ ವರ್ಷ ಮಾಳಗಿ ಏರಿದ್ಲಲ್ಲ, ಅಕಿನ. ಸಾಕ್ಷಿ, ಏಳವಾ."

ಸಾಕ್ಷಿ ಎದ್ದಳು.

"ಕುಂದರವಾ."

ಕೂತಳು.

"ಅರೇ ವಾ!" ಎಂದು ಭರಮಣ್ಣ ತೊಡೆ ತಟ್ಟಿದ. "ಇನ್ನೊಮ್ಮೆ ಏಳು ಅನ್ರಿ, ನೋಡೂಣು."

ಮತ್ತೆ ಎಬ್ಬಿಸಿದರು, ಮತ್ತೆ ಕೂರಿಸಿದರು. ಹಲ್ಲಿನ ಸಂದಿಯಲ್ಲಿ ಹೋಳಿಗೆ ಸಿಕ್ಕಿಸಿಕೊಂಡೇ ಇಬ್ಬರೂ ನಕ್ಕರು. ಅತ್ತೆ ಕಾಶವ್ವ, "ಈಗ ಬಂಗಾರದಂಥಾ ಹುಡುಗಿ ಆಗ್ಯಾಳ," ಎಂದು ದೃಷ್ಟಿ ನಿವಾಳಿಸಿದಳು. ಸಾಕ್ಷಿಯ ತಟ್ಟೆಯಲ್ಲಿ ಹೋಳಿಗೆ ಹಾಗೇ ಇತ್ತು. ಅದರ ತುಪ್ಪದಿಂದ ಎದ್ದ ನೊಣ ಅವಳ ಬೆರಳು ಹತ್ತಿ ಮೊಣಕೈವರೆಗೆ ನಡೆಯಿತು. ಓಡಿಸಲಿಲ್ಲ ಅವಳು, ಸುಮ್ಮನೆ ನೋಡಿದಳು. ತ್ರಿವೇಣಿ ಕೈಬೀಸಿ ನೊಣ ಓಡಿಸಿದಳು.

"ಸಾಕ್ ಮಾಡ್ರಿ ಮಾವಾರ. ಅಕಿ ಏನ್ ಸರ್ಕಸ್ಸಿನ ನಾಯಿ ಏನ್ರಿ?"

"ಅಯ್ಯ, ಹೊಗಳಿದ್ರೂ ತಪ್ಪಾ ಇಕಿಗೆ?" ಎಂದಳು ಕಾಶವ್ವ.

ಬರುವಾಗ ಬಸ್ಸಿನಲ್ಲಿ ತ್ರಿವೇಣಿ ಡಾಕ್ಟರ ಮಾತೆತ್ತಿದ್ದಕ್ಕೆ, ಉದ್ಯಮಬಾಗದ ಫೌಂಡ್ರಿಯಲ್ಲಿ ವಾರವಿಡೀ ಬೆಂದು ಬರುವ ಶಶಿಧರ ಗೊಣಗಿದ. "ಆರಾಮ ಐತಲ್ಲ, ಯಾಕ ಕೆದಕತಿ? ಹುಡುಗಿ ಗಪ್ ಕುಂದರತಾಳ ಅಂತ ಡಾಕ್ಟರಿಗೆ ದೂರು ಹೇಳತೀಯೇನು?"

ಹಿಂದವಾಡಿಯ ಮನೆ ಸೇರಿ, ಕೈಕಾಲು ತೊಳೆಯುವ ಮೊದಲೇ ತ್ರಿವೇಣಿ ಡೈರಿ ತೆರೆದಳು. ದೂರಿಲ್ಲ, ದೂರಿಲ್ಲ, ದೂರಿಲ್ಲ. ಮೊದಲ ವಾರ ಅದರ ಮುಂದೆ ಪುಟ್ಟ ನಕ್ಷತ್ರವನ್ನೂ ಬಿಡಿಸಿದ್ದಳು, ನಾಚಿಕೆಗೆಟ್ಟವಳು! ಮಗಳು ಏನು ತಿಂದಳು, ಏನು ಅಂದಳು, ಒಂದಕ್ಷರವಿಲ್ಲ. ಟೀಚರಿಗೆ, ಓಣಿಗೆ, ಮಾವನಿಗೆ ಎಷ್ಟು ಸುಖವಾಯಿತು ಎಂಬುದನ್ನೇ ನಾಲ್ಕು ವರ್ಷ ತೂಗಿ ಬರೆದಿದ್ದಳು. ಆ ಇಬ್ಬರು ಗಂಡಸರ ನಗುವಿಗಿಂತ ತನ್ನ ದುಂಡಗಿನ ಅಕ್ಷರ ನೋಡಿ ಹೆಚ್ಚು ಹೇಸಿಗೆಯಾಯಿತು.

"ಸಾಕ್ಷಿ, ನಿನಗ ಹೆಂಗ ಅನಸತೈತಿ ಈಗ?"

"ಏನರ ಹೇಳೂಣು ಅನಸತೈತವ್ವಾ. ಬಾಯಿಗೆ ಬರೂದ್ರಾಗ ಬ್ಯಾಡ ಅನಸತೈತಿ."

ಮರುದಿನ ಅವಳನ್ನು ಅಂಗಡಿಗೆ ಕರೆದುಕೊಂಡು ಹೋಗಿ ಕಾಟಾ ಹತ್ತಿಸಿದಳು.

"ಜ್ವಾಳಾನೋ ಗೋಧಿನೋ ಅಕ್ಕಾರ ಈ ಚೀಲ?" ಎಂದ ಬಾಳಪ್ಪ, ಅಂಕಿ ನೋಡಿ ನಗು ನುಂಗಿದ. "ಇಪ್ಪತ್ತೆಂಟು. ಜೂನ್‌ದಾಗ ಇಲ್ಲೇ ಮೂವತ್ತೂವರಿ ಬಂದಿತ್ತಲ್ಲ? ಬೆಳ್ಯೂ ಕೂಸು ಇಳೀತೈತೇನ್ರಿ?"

ತ್ರಿವೇಣಿ ಚೀಟಿ ಬರೆದಳು. ಸಂಜೆ ಮಗಳ ಜೊತೆ ಗಂಡನನ್ನೂ ಎಳೆದುಕೊಂಡು ಹೋಗಿ ಅದನ್ನು ಡಾಕ್ಟರ ಮೇಜಿನ ಮೇಲಿಟ್ಟಳು.

ಡಾಕ್ಟರು ಎತ್ತರ, ನಾಡಿ, ಬಿಪಿ ನೋಡಿದರು. ಹೇಗನ್ನಿಸುತ್ತದೆ ಎಂದು ದೊಡ್ಡವರನ್ನು ಬಿಟ್ಟು ಸಾಕ್ಷಿಯನ್ನೇ ಕೇಳಿದರು. ಆಮೇಲೆ ಹೇಳಿದರು, "ವಯಸ್ಸು ಏರಿತಂತ ಡೋಸ್ ಏರಲೇಬೇಕಂತ ಇಲ್ಲ. ಹುಡುಗಿ ಮಂಕಾಗೂದು, ತೂಕ ಇಳ್ಯೂದು, ಇದು ಅಕಿಗೆ ಜಾಸ್ತಿ ಆಗೇತಿ ಅನ್ನೂ ಸೂಚನಾ. ಇಳಸೂಣು. ಗುಳಿಗಿಗಿಂತ ಮೊದಲ ಹೊಟ್ಟಿತುಂಬ ನಾಷ್ಟಾ ಕೊಡ್ರಿ. ಮೂರು ವಾರಕ್ಕ ಬರ್ರಿ, ಈ ಸಲ ತಪ್ಪಸಬ್ಯಾಡ್ರಿ."

"ಸಾಲ್ಯಾಗ ಮತ್ತ ಗದ್ಲಾ ಮಾಡಿದ್ರ?" ಎಂದ ಶಶಿಧರ.

"ಮುಂದಿನ ಬೆಂಚಿಗೆ ಕುಂದರಸಾಕ ಹೇಳ್ರಿ. ಟೀಚರ್ ಮಾಡೂ ಕೆಲಸಾನೂ ಗುಳಿಗೀನ ಮಾಡಬೇಕೇನು?"

ಹನ್ನೆರಡನೇ ದಿನ ಅಂಗಡಿಯಲ್ಲಿದ್ದಾಗ ಫೋನ್ ಬಂತು. ಶಿವಬಸವ್ವ ಟೀಚರು.

"ಏನ್ರೀ ಇದು, ಮತ್ತ ಸುರು ಆತಲ್ಲ! ಪಾಠದ ನಡುವ ಎದ್ದು, ಮೀನಿಗೆ ನಿದ್ದಿ ಬಂದ್ರ ಕಣ್ಣ ಮುಚ್ಚತೈತೇನ್ರಿ ಅಂತಾಳ. ಇಡೀ ಕ್ಲಾಸು ನಕ್ಕಿತು."

ಎರಡೂವರೆ ಕೆಜಿ ಇಳಿದಾಗ ಬಾರದ ಫೋನು, ಒಂದು ಮೀನಿಗಾಗಿ ಬಂದಿತ್ತು. ತ್ರಿವೇಣಿ ಕೇಳಿದಳು:

"ಮುಚ್ಚತೈತೇನ್ರಿ?"

"ಏನು?"

"ಮೀನು, ಕಣ್ಣ."

ಆ ಕಡೆಯಿಂದ ಫೋನ್ ಕುಕ್ಕಿದ ಸದ್ದಾಯಿತು. ತ್ರಿವೇಣಿ ಕೈಚೀಲದಿಂದ ಡೈರಿ ತೆಗೆದು ಮೂರನೇ ಸಾಲಿನ ‘ದೂರು’ ಎಂಬ ಹೆಸರನ್ನು ಅಡ್ಡಗೆರೆ ಎಳೆದು ಹೊಡೆದುಹಾಕಿ, ಅಲ್ಲಿ ಮೀನಿನ ಪ್ರಶ್ನೆ ಬರೆದುಕೊಂಡಳು.

"ಅಕ್ಕಾರ, ಐವತ್ತೊಂದು ಕೂಗಿ ಆಗಲೇ ಎಷ್ಟೊತ್ತಾತು!" ಎಂದ ಬಾಳಪ್ಪ.

"ತಡಿಯೋ," ಎಂದಳು. "ಇದು ಮೊದಲ."