ಹೊತ್ತು ಮುಳುಗುವುದರೊಳಗೆ ಬನಹಟ್ಟಿ

ಬೆಳಿಗ್ಗೆ ಎಂಟಕ್ಕೆ ಮುಧೋಳದ ಬಸ್ ನಿಲ್ದಾಣದಲ್ಲಿ ಇಳಿದಾಗ ನನಗೆ ಹಸಿವಿಗಿಂತ ಹುರುಪೇ ಹೆಚ್ಚಾಗಿತ್ತು. ಮುಧೋಳ, ಜಮಖಂಡಿ ಎರಡೂ ಸಂಸ್ಥಾನಗಳಾಗಿದ್ದ ಕಾಲದ ರಸ್ತೆ ಹಿಡಿದು, ದಾರಿಯಲ್ಲಿ ಸಿಕ್ಕಿದ್ದನ್ನೆಲ್ಲ ತಿನ್ನುತ್ತ, ಜಮಖಂಡಿಯಾಚೆ ದ್ರಾಕ್ಷಿಯ ವೈನ್ ರುಚಿ ನೋಡಿ, ಸಂಜೆಗೆ ಬನಹಟ್ಟಿ ಸೇರುವುದು ನನ್ನ ಆಸೆ. ಎಲ್ಲ ಸೇರಿ ನಲವತ್ತು ಕಿಲೋಮೀಟರೂ ಇಲ್ಲ. ಜೊತೆಗೆ, ನಿಲ್ದಾಣಕ್ಕೇ ಕಾರು ತಂದು ಕಾದಿದ್ದ ನನ್ನ ಹಾಸ್ಟೆಲ್ ಗೆಳತಿ ಸರೋಜಾ. ಕಾರು ಅವಳದು, ಬನಹಟ್ಟಿ ಅವಳ ತವರು.

ಕಾರು ಹತ್ತುವ ಮೊದಲೇ ಅವಳು ಕರಾರು ಹಾಕಿದಳು. "ಆರರೊಳಗ ಮನಿ ಮುಟ್ಟಬೇಕ ನೋಡ. ನಮ್ಮವ್ವ ನಿನ್ನ ಸಲುವಾಗಿ ಹೋಳಿಗಿ ಮಾಡಾಕತ್ತಾಳ."

ಅವರದು ಜೈನರ ಮನೆ. ಹೊತ್ತು ಮುಳುಗಿದ ಮೇಲೆ ಅವಳ ತಾಯಿ ಚಂದ್ರವ್ವ ಹನಿ ನೀರನ್ನೂ ಬಾಯಿಗೆ ಹಾಕುವುದಿಲ್ಲ. ಅದರ ಜೊತೆಗೆ, ಕರೆದ ಅತಿಥಿ ಮೊದಲ ತುತ್ತು ಉಣ್ಣದೆ ತಾನು ಉಣ್ಣುವುದಿಲ್ಲ ಎಂಬ ಹಟ ಬೇರೆ.

"ನೀ ತಡಾ ಮಾಡಿದಿ ಅಂದ್ರ ಅಕಿ ನಾಳಿ ಮುಂಜಾನಿತನಕ ಉಪವಾಸ. ಶುಗರ್ ಐತಿ, ಗುಳಗಿ ತಗೊಳ್ಳಾಕಿ."

"ನಾಕಕ್ಕ ಮುಟ್ಟತೀವಿ ತಗೋ," ಎಂದು ನಾನು ಧಾರಾಳವಾಗಿ ಹೇಳಿಬಿಟ್ಟೆ.

ಮುಧೋಳದಲ್ಲಿ ಚುರುಮುರಿಯ ಗಿರಮಿಟ್ಟು, ಜೊತೆಗೆ ಕಣ್ಣಲ್ಲಿ ನೀರು ತರಿಸುವ ಮಿರ್ಚಿ ಭಜಿ. ಊರು ದಾಟುತ್ತಲೇ ಕಬ್ಬಿನ ಗಾಣದ ಹೊಗೆ ಕಂಡಿತು. ಕೊಪ್ಪರಿಗೆಯಲ್ಲಿ ಬೆಲ್ಲ ಕುದಿಯುತ್ತಿದ್ದರೆ ಸುಮ್ಮನೆ ಮುಂದೆ ಹೋಗಲು ನಾನೇನು ಸನ್ಯಾಸಿಯೇ? ಗಾಣದವನು ಕಬ್ಬಿನ ತುಂಡಿಗೆ ಬಿಸಿ ಬೆಲ್ಲ ಸುತ್ತಿ ಕೊಟ್ಟ. ನಾಲಿಗೆ ಸುಟ್ಟುಕೊಂಡು ಇನ್ನೊಂದು ಕೇಳಿ ತಿಂದೆ. ಹೀಗೆ ಅಲ್ಲಲ್ಲಿ ನಿಲ್ಲುತ್ತ ಜಮಖಂಡಿ ಮುಟ್ಟಿದಾಗ ಮಧ್ಯಾಹ್ನ ಒಂದೂವರೆ. ಬಿಸಿಲು ಚುರುಗುಟ್ಟುತ್ತಿತ್ತು. ಖಾನಾವಳಿಯಲ್ಲಿ ಬಿಸಿ ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಎರಡನೆಯ ರೊಟ್ಟಿ ಮುಗಿಯುವ ಮೊದಲೇ ಮೂರನೆಯದು ತಾಟಿಗೆ ಬಂದು ಬೀಳುತ್ತಿತ್ತು. ಸರೋಜಾ ಗಡಿಯಾರ ನೋಡಿದಳು, ನಾನು ನೋಡಲಿಲ್ಲ.

ಒಳದಾರಿಯ ದ್ರಾಕ್ಷಿ ತೋಟದಲ್ಲಿ ಸಣ್ಣದೊಂದು ವೈನ್ ಘಟಕವಿತ್ತು. ತೋಟದ ಮಾಲೀಕ ಅರವತ್ತರ ಆಸುಪಾಸಿನವರು, ತಲೆಗೆ ಗಾಂಧಿ ಟೋಪಿ. ಹೆಂಗಸು ವೈನ್ ಕೇಳಿಕೊಂಡು ಬಂದದ್ದು ಅವರಿಗೆ ಬಲು ಮೋಜೆನಿಸಿತು. ನಾನು ಗ್ಲಾಸು ಎತ್ತಿದ ಕೂಡಲೇ ತಡೆದರು.

"ಅಕ್ಕಾರ, ಗಟಗಟ ಕುಡೀಬ್ಯಾಡ್ರಿ. ಮೊದಲ ವಾಸನಿ ನೋಡ್ರಿ, ಆಮ್ಯಾಲ ಒಂದ ಗುಟುಕು."

ನೇರಳೆ ಹಣ್ಣು ತಿಂದಂತೆ ನಾಲಿಗೆ ಒಗರಾಯಿತು, ಆಮೇಲೆ ಮೆಲ್ಲಗೆ ಸಿಹಿ ಬಂತು. ನನ್ನ ಖುಷಿಗೆ ಪಾರವಿಲ್ಲ! ಬಿಳಿ ವೈನ್ ನೋಡಿದೆ, ಪೀಪಾಯಿ ನೋಡಿದೆ, ಬಳ್ಳಿ ಕತ್ತರಿಸುವ ಬಗೆ ಕೇಳಿದೆ. ವೈನ್ ಮುಟ್ಟದ ಸರೋಜಾ ಹೊರಗೆ ಎರಡು ಸಲ ಹಾರ್ನ್ ಬಾರಿಸಿದಳು. ಹೊರಬಿದ್ದಾಗ ಐದೂಕಾಲು.

ಬನಹಟ್ಟಿ ಇನ್ನು ಎಂಟೊಂಬತ್ತು ಕಿಲೋಮೀಟರ್ ಇರುವಾಗ ಕಾರು ನಿಂತಿತು. ಮುಂದೆ ಟ್ರ್ಯಾಕ್ಟರಿನ ಟ್ರೇಲರ್ ಮಗುಚಿ ಕಬ್ಬೆಲ್ಲ ರಸ್ತೆಗೆ ಅಡ್ಡ ಬಿದ್ದಿತ್ತು. ಹಿಂದೆಯೂ ಸಾಲು, ಮುಂದೆಯೂ ಸಾಲು. ಆರು ಹೊಡೆಯಿತು. ಸೂರ್ಯ ಕಬ್ಬಿನ ಗದ್ದೆಯ ಮೇಲೆ ಮೊಳದಷ್ಟೇ ಉಳಿದಿದ್ದ. ಸರೋಜಾ ಎಂಜಿನ್ ಆರಿಸಿದಳು, ಬೈದಿದ್ದರೇ ಚೆನ್ನಾಗಿತ್ತು. ಇನ್ನೊಂದು ಗ್ಲಾಸಿನ ಆಸೆಗೆ ಆ ಮುದುಕಿಯನ್ನು ಉಪವಾಸ ಕೆಡವಿದೆನಲ್ಲ ಎಂದು ನನಗೆ ನಾಚಿಕೆಯಾಯಿತು.

ಸರೋಜಾ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದಳು. "ಅವ್ವಾ, ನೀ ಉಂಡಬಿಡ."

"ನಾವು ಕರದಾಕಿ ಉಣ್ಣದ ನಾ ಹ್ಯಾಂಗ ಉಣ್ಲೇ? ನಾ ಕುಂತೇನಿ, ನೀವು ಸಾವಕಾಶ ಬರ್ರಿ," ಎಂದರು ಚಂದ್ರವ್ವ.

ನಮ್ಮ ಪಕ್ಕದಲ್ಲೇ ನಿಂತಿದ್ದ ಇನ್ನೊಂದು ಟ್ರ್ಯಾಕ್ಟರಿನ ಚಾಲಕ ಬುತ್ತಿ ಬಿಚ್ಚಿ ಕೂತಿದ್ದ. ನಾನು ಇಳಿದು ಹೋಗಿ, ನಾಚಿಕೆ ಬಿಟ್ಟು ಕೇಳಿದೆ. "ಅಣ್ಣಾರ, ಒಂದ ರೊಟ್ಟಿ ಕೊಡ್ತೀರೇನ್ರಿ? ಅವಸರ ಐತ್ರಿ."

"ಒಂದ್ಯಾಕ್ರಿ, ಎರಡ ತಗೋರಿ," ಎಂದು ಅವನು ಕಡಕ್ ರೊಟ್ಟಿಯ ಮೇಲೆ ಈರುಳ್ಳಿ ಜಜ್ಜಿ ಇಟ್ಟ.

ಕಾರಿಗೆ ಓಡಿ ಬಂದು ಫೋನಿನ ಹತ್ತಿರವೇ ರೊಟ್ಟಿ ಮುರಿದೆ. ಪಟ್ ಎಂದಿತು. "ಅವ್ವಾರ, ಕೇಳಿಸ್ತೇನ್ರಿ? ನಾ ಇಲ್ಲೇ ಉಣ್ಣಾಕತ್ತೇನಿ. ಇನ್ನ ನೀವು ಉಣ್ರಿ."

ಚಂದ್ರವ್ವ ಕೇಳಿದರು. "ಖರೇನ ಉಣ್ಣಾಕತ್ತಿಯೇನವ್ವಾ? ರೊಟ್ಟಿ ಜೋಡಿ ಏನೈತಿ?"

ಜೈನರಲ್ಲವೇ, ಈರುಳ್ಳಿ ಅವರ ಮನೆಯ ಹೊಸ್ತಿಲನ್ನೇ ದಾಟುವುದಿಲ್ಲ. ಆ ಹೊತ್ತಿನಲ್ಲಿ ಸುಳ್ಳು ಹೇಳಲು ನನಗೆ ಮನಸ್ಸಾಗಲಿಲ್ಲ. "ಉಳ್ಳಾಗಡ್ಡಿ ಐತ್ರಿ," ಎಂದೆ ಸಣ್ಣ ದನಿಯಲ್ಲಿ.

ಚಂದ್ರವ್ವ ಜೋರಾಗಿ ನಕ್ಕರು. "ತಿನ್ನವ್ವಾ, ತಿನ್ನ. ಇವತ್ತ ಅದೂ ನಮ್ಮನಿ ಊಟನ."

ಅದರ ಹಿಂದೆಯೇ ಫೋನಿನಲ್ಲಿ ತಾಟು ಎಳೆದುಕೊಂಡ ಸದ್ದು ಕೇಳಿತು.