ಒಳ್ಳೆಯ ಕಾಲಿಗೆ ಬಿದ್ದ ಏಟು

ನಮ್ಮ ಬೀದಿಯ ರೀಲರ್ ಚಾಚಾ ಅವರ ಬಲಗೈ ಬೆರಳುಗಳಲ್ಲಿ ಗೆರೆಗಳೇ ಇರಲಿಲ್ಲ. ಹೆಬ್ಬೆರಳು, ತೋರುಬೆರಳು, ನಡುಬೆರಳು ಮೂರರ ತುದಿಯೂ ಬೆಂದು, ಸುಲಿದು, ಮತ್ತೆ ಬೆಂದು, ಬೇಯಿಸಿದ ಮೊಟ್ಟೆಯ ಹಾಗೆ ಬೆಳ್ಳಗೆ ನುಣ್ಣಗಾಗಿದ್ದವು. ನ್ಯಾಯಬೆಲೆ ಅಂಗಡಿಯ ಬೆರಳಚ್ಚಿನ ಯಂತ್ರ ಅವರನ್ನು ಮನುಷ್ಯರೆಂದು ಒಪ್ಪುತ್ತಿರಲಿಲ್ಲ. ಪ್ರತಿ ತಿಂಗಳೂ ಹತ್ತು ಬೆರಳನ್ನೂ ಒಂದೊಂದಾಗಿ ಒತ್ತಿದ ಮೇಲೆ ಎಡಗೈ ಕಿರುಬೆರಳಿಗೆ ಯಂತ್ರ ಒಲಿಯುತ್ತಿತ್ತು. "ನಮ್ಮನೇಲಿ ಅಕ್ಕಿ ತಿನ್ನೋದು ಈ ಬೆರಳೊಂದೇ" ಎಂದು ಅದನ್ನು ಎತ್ತಿ ತೋರಿಸಿ, ಯಂತ್ರವನ್ನೂ ಅಂಗಡಿಯವನನ್ನೂ ಒಟ್ಟಿಗೇ ಬೈದು ಹೊರಡುತ್ತಿದ್ದರು.

ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವ ಮನೆಗಳಿಗೆ ಬರವಿಲ್ಲ. ಅವರದು ನಮ್ಮ ಮನೆಯಿಂದ ಆರನೆಯದು. ಕುದಿಯುವ ತೊಟ್ಟಿಗೆ ಗೂಡು ಸುರಿದು, ಒಳಗಿನ ಹುಳು ಬೇಯುತ್ತಿರುವಾಗಲೇ ಆ ನೀರಿಗೆ ಬೆರಳಿಟ್ಟು ಎಳೆಯ ತುದಿ ಹಿಡಿಯಬೇಕು. ಎಂಟು ಹತ್ತು ಎಳೆ ಸೇರಿಸಿ ಚಕ್ರಕ್ಕೆ ಕೊಡಬೇಕು. ಮೀಸೆ ಮೂಡುವ ಮೊದಲೇ ಆ ನೀರಿಗೆ ಕೈ ಹಾಕಿದವರು ಚಾಚಾ. ನಾನು ಅವರನ್ನು ಹತ್ತಿರದಿಂದ ಕಂಡಾಗ ವಯಸ್ಸು ಅರವತ್ತು ದಾಟಿತ್ತು, ಸಿಟ್ಟು ಮಾತ್ರ ಇಪ್ಪತ್ತರಲ್ಲೇ ನಿಂತಿತ್ತು. ಚಕ್ರ ತಿರುಗಿಸುವವನು ತೂಕಡಿಸಿದರೆ ತೊಟ್ಟಿಯ ನೀರನ್ನೇ ಎರಚುತ್ತಿದ್ದರು. ತೂಕದಲ್ಲಿ ಮೋಸ ಮಾಡಿದ ಒಬ್ಬ ದಲ್ಲಾಳಿಯನ್ನು ಗೂಡಿನ ಮಾರುಕಟ್ಟೆಯ ಗೇಟಿನಿಂದ ಕಾಲರ್ ಹಿಡಿದು ದರದರನೆ ಎಳೆದುಕೊಂಡು ಬಂದದ್ದನ್ನು ನಾನೇ ನೋಡಿದ್ದೇನೆ.

ನನ್ನದೂ ಸಾಧು ಸ್ವಭಾವವೇನಲ್ಲ. ತಾಲ್ಲೂಕು ಕಚೇರಿಯ ಗುಮಾಸ್ತ, ನಲವತ್ತೊಂದು ವಯಸ್ಸು, ಮೇಜಿನಡಿ ಸರಿಯಾಗಿ ಹಿಡಿಸದ ಹೊಟ್ಟೆ. ರಕ್ತದಲ್ಲಿ ಸಕ್ಕರೆ ಕಾಣಿಸಿಕೊಂಡಿದೆ, ಓಡಾಡಿ ಎಂದರು ಡಾಕ್ಟರು. ನಾನು ಓಡಾಡುವುದನ್ನು ಬಿಟ್ಟು ಓಡಲು ಶುರುಮಾಡಿದೆ. ಕಚೇರಿಯಲ್ಲಿ ನಕ್ಕರು. ನಕ್ಕಷ್ಟೂ ಓಡಿದೆ. ಮೊದಲ ವಾರ ಚಾಚಾ ಒಲೆಗೆ ಬೆಂಕಿ ಹಾಕುತ್ತಾ ಸುಮ್ಮನೆ ನೋಡಿದರು. ಎಂಟನೆಯ ದಿನ ಕೇಳಿದರು, "ದಿನಾ ನೋಡ್ತಾ ಇದೀನಿ ಗುಮಾಸ್ತ್ರೇ, ನಿಮ್ಮ ಹಿಂದೆ ಯಾರೂ ಬರ್ತಾ ಇಲ್ವಲ್ಲ. ಯಾಕೆ ಓಡ್ತೀರಾ?"

ಮಾರನೆಯ ದಿನ ಹಿಂದೆ ಬಂದವು, ಕೆರೆ ಏರಿಯ ನಾಯಿಗಳು. ಐದಾರು ಇದ್ದವು. ಒಂದು ಮೀನಖಂಡಕ್ಕೆ ಬಾಯಿ ಹಾಕಿ ಬಿಡಲಿಲ್ಲ. ಎಲ್ಲಿದ್ದರೋ ಚಾಚಾ, ಮೊಪೆಡ್ಡಿನಲ್ಲಿ ಬಂದವರೇ ಇಳಿಯದೆಯೇ ಬಿದಿರು ಕೋಲಿನಿಂದ ಅದರ ಬೆನ್ನಿಗೆ ಬಾರಿಸಿದರು. ನಾಯಿ ಕುಂಯ್‌ಗುಟ್ಟಿಕೊಂಡು ಏರಿಯಿಂದ ಕೆಳಗಿಳಿಯಿತು. ನನ್ನ ರಕ್ತ ನೋಡಿ ಅವರಿಗೆ ಅಯ್ಯೋ ಅನಿಸಿದಂತೆ ಕಾಣಲಿಲ್ಲ. ಆಸ್ಪತ್ರೆಗೆ ಕರೆದುಕೊಂಡು ಹೋಗುವಾಗ ದಾರಿಯುದ್ದಕ್ಕೂ ನನ್ನನ್ನೇ ಬೈದರು. ನಾಯಿಗೆ ಬೆನ್ನು ತೋರಿಸುವವನು ಓಡಬಾರದಂತೆ.

ಅವತ್ತಿನಿಂದ ಕೋಲು ಹಿಡಿದು ಮೊಪೆಡ್ಡಿನಲ್ಲಿ ನನ್ನ ಹಿಂದೆ ಬರುವುದು ಅವರಿಗೆ ಅಭ್ಯಾಸವಾಯಿತು. ಕೆಲವೇ ದಿನಗಳಲ್ಲಿ ಆ ಕೋಲು ನನಗೂ ಮೀಸಲಾಯಿತು. ಹೆಗಲು ಕುಗ್ಗಿದರೆ ಹೆಗಲಿಗೊಂದು, ಹೆಜ್ಜೆ ಎಳೆದರೆ ಮಂಡಿಯ ಹಿಂದೆ ಒಂದು. ಓಟದ ಬಗ್ಗೆ ಅವರಿಗೆ ಒಂದಕ್ಷರವೂ ತಿಳಿದಿರಲಿಲ್ಲ. ಆದರೆ ಕಿವಿಯಿತ್ತು. ಎಳೆ ಸಣ್ಣಗಾದರೆ ಚಕ್ರದ ಸದ್ದು ಬದಲಾಗುತ್ತದಂತೆ. ನೋಡಿದರೆ ಏನೂ ಕಾಣದು, ಕೇಳಿದರೆ ಗೊತ್ತಾಗುತ್ತದೆ, ಅಷ್ಟರಲ್ಲಿ ಚಕ್ರ ಹಿಡಿದುಬಿಡಬೇಕು. ಹರಿದರೆ ತುದಿ ನೀರಲ್ಲಿ ಮಾಯ, ಮತ್ತೆ ಬೆಂಕಿಯಂಥ ನೀರಿಗೆ ಕೈ. "ಹರಿದ ಮೇಲೆ ನಿಲ್ಸೋನು ರೀಲರ್ ಅಲ್ಲ ಕಣ್ರೀ" ಎನ್ನುತ್ತಿದ್ದರು. ಹಾಗೆಯೇ ಮೊಪೆಡ್ಡಿನ ಎಂಜಿನ್ ಆರಿಸಿ, ಏರಿಯ ಇಳಿಜಾರಿನಲ್ಲಿ ಜಾರಿಕೊಂಡು ಬರುತ್ತಾ ನನ್ನ ಪಾದದ ಸದ್ದು ಕೇಳುತ್ತಿದ್ದರು. ಎಡಗಾಲು ಗಟ್ಟಿಯಾಗಿ ಬೀಳುತ್ತಿದೆ, ಬಲಗಾಲು ಏನನ್ನೋ ಮುಚ್ಚಿಡುತ್ತಿದೆ ಎಂದು ಅವರು ಹೇಳಿದ ಎರಡು ದಿನಕ್ಕೆ ಬಲಮಂಡಿ ಊದಿಕೊಳ್ಳುತ್ತಿತ್ತು. ಎರಡು ಸಲ ಹಾಗೇ ಆಯಿತು, ಮೂರನೆಯ ಸಲಕ್ಕೆ ನಂಬಿದೆ.

ಊದಿಕೊಂಡಾಗಿನ ಅವರ ಚಿಕಿತ್ಸೆಯನ್ನು ನೆನೆದರೆ ಈಗಲೂ ಹಲ್ಲು ಕಚ್ಚುತ್ತೇನೆ. ಗೋಣಿತಾಟನ್ನು ತೊಟ್ಟಿಯ ನೀರಲ್ಲಿ ಅದ್ದಿ, ಹಿಂಡಿ, ಹುಳುವಿನ ನಾತದ ಸಮೇತ ಮಂಡಿಗೆ ಸುತ್ತಿ ಎರಡೂ ಕೈಯಲ್ಲಿ ಅದುಮಿ ಹಿಡಿಯುತ್ತಿದ್ದರು. ಮೊದಲ ಸಲ ನಾನು ಚೀರಿ ಅವರ ಎದೆಗೇ ಒದ್ದೆ. ಹಿಂದಕ್ಕೆ ಗೂಡಿನ ತಟ್ಟೆಗಳ ಮೇಲೆ ಬಿದ್ದರು. ಎದ್ದು, ಒದ್ದ ಕಾಲನ್ನೇ ಹಿಡಿದು, ಶಕ್ತಿ ಇದೆ, ಪರವಾಗಿಲ್ಲ ಎಂದು ಮತ್ತೆ ಸುತ್ತಿದರು. ಅವರ ಸೊಸೆ ಬಾಗಿಲಲ್ಲಿ ನಿಂತು ನಗು ತಡೆಯಲಾರದೆ ಒಳಗೆ ಓಡಿದಳು.

ಚಿಂತಾಮಣಿಯಿಂದ ಮುರುಗಮಲ್ಲಕ್ಕೆ ಒಂದು ಓಟವಿತ್ತು. ನಲವತ್ತು ದಾಟಿದವರ ಗುಂಪಿನಲ್ಲಿ ಒಬ್ಬ ಕೊನೆಯ ಏರಿನಲ್ಲಿ ನನ್ನ ಪಕ್ಕೆಗೆ ಮೊಣಕೈ ತಿವಿದ. ತಲೆಗೆ ಏರಿತು. ನಿಂತು ಅವನ ಮೂಗಿಗೆ ಗುದ್ದಿದೆ. ಅವನ ಬನಿಯನ್ನಿನ ಮೇಲೆಲ್ಲಾ ರಕ್ತ. ಜಗಳ ಬಿಡಿಸುವುದರೊಳಗೆ ಮೂವರು ನಮ್ಮನ್ನು ದಾಟಿ ಹೋದರು. ನಾಲ್ಕನೆಯವನಾದೆ, ಮೊದಲಿಗನಿಗೆ ಕೊಡುವ ಕಪ್ಪು ಕೈತಪ್ಪಿತು. ಚಾಚಾ ಶಹಬ್ಬಾಸ್ ಎನ್ನುತ್ತಾರೆಂದುಕೊಂಡಿದ್ದೆ. ಗುದ್ದುವವನು ಗುದ್ದಲಿ, ಓಡುವವನು ಯಾಕೆ ನಿಂತ ಎಂದು ಮುರುಗಮಲ್ಲದಿಂದ ಮನೆವರೆಗೂ ಬೈಸಿಕೊಂಡೆ.

ಆ ಕಪ್ಪು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಕಚೇರಿಯ ಬೀರುವಿನ ಮೇಲೆ ಅದನ್ನಿಟ್ಟು, ನಕ್ಕವರೆಲ್ಲ ದಿನಾ ನೋಡುವ ಹಾಗೆ ಮಾಡಬೇಕು. ಮುಂದಿನ ಅವಕಾಶ ಗೌರಿಬಿದನೂರಿನಲ್ಲಿತ್ತು. ನಗರಗೆರೆ ರಸ್ತೆಯಲ್ಲಿ ಹೋಗಿ ತಿರುಗಿ ಬರುವ ಇಪ್ಪತ್ತೊಂದು ಕಿಲೋಮೀಟರ್ ಓಟ. ಅದಕ್ಕೆ ಮೂರು ವಾರವಿದೆ ಎನ್ನುವಾಗ ಬಲ ಮೊಣಕಾಲಿನ ಕೆಳಗಿನ ಎಲುಬಿನಲ್ಲಿ ನೋವು ಶುರುವಾಯಿತು. ಒಂದು ರೂಪಾಯಿ ನಾಣ್ಯದಗಲದ ಜಾಗ. ಬೆರಳಿಟ್ಟರೆ ಪ್ರಾಣ ಹೋಗುತ್ತಿತ್ತು.

ಚಾಚಾ ಈ ಸಲ ಗೋಣಿತಾಟು ತರಲಿಲ್ಲ. ಕೋಲನ್ನೂ ಎತ್ತಲಿಲ್ಲ. ಹಿಂದಿನಿಂದ ಎರಡು ಫರ್ಲಾಂಗು ಕೇಳಿಸಿಕೊಂಡು ಬಂದು, ಮೊಪೆಡ್ ಅಡ್ಡ ನಿಲ್ಲಿಸಿ, ಎರಡು ತಿಂಗಳು ಓಟ ಬಂದ್ ಎಂದರು. ಎಲುಬಿನ ಸದ್ದು ಬೇರೆ ಇದೆ, ಇದು ನನ್ನ ಕೈಯಲ್ಲಿಲ್ಲ, ದೊಡ್ಡ ಡಾಕ್ಟರಿಗೆ ತೋರಿಸಿ ಎಂದರು. ಆಗಲಿ ಎಂದೆ. ಸುಳ್ಳು. ಮಾರನೆಯ ದಿನದಿಂದ ಅವರ ಕಣ್ಣು ತಪ್ಪಿಸಿ ಕಾಲೇಜು ಮೈದಾನದಲ್ಲಿ ಓಡಿದೆ. ಓಟದ ದಿನ ಬೆಳಿಗ್ಗೆ ಪರಿಚಯದ ಕಾಂಪೌಂಡರ್ ಒಬ್ಬನಿಂದ ನೋವಿಗೆ ಇಂಜೆಕ್ಷನ್ ಹಾಕಿಸಿಕೊಂಡೆ. ಸಾಲದೆಂದು ಎರಡು ಮಾತ್ರೆ ನುಂಗಿದೆ. ಕಾಲು ನನ್ನದಲ್ಲ ಎನ್ನುವ ಹಾಗಾಯಿತು. ನನಗೆ ಬೇಕಾಗಿದ್ದದ್ದೂ ಅದೇ.

ನನ್ನ ಹೆಂಡತಿ ಸುಮ್ಮನಿರುವವಳಲ್ಲ, ಚಾಚಾಗೆ ಹೇಳಿಬಿಟ್ಟಳು. ಚಿಕ್ಕಬಳ್ಳಾಪುರ ದಾಟಿ ಆ ಹಳೆಯ ಮೊಪೆಡ್ಡಿನಲ್ಲಿ ಅಷ್ಟು ದೂರ ಅವರು ಹೇಗೆ ಬಂದರೋ! ನಗರಗೆರೆ ಕಡೆಯಿಂದ ತಿರುಗಿ ಬರುತ್ತಿದ್ದೆ. ನನ್ನ ಗುಂಪಿನಲ್ಲಿ ನಾನೇ ಮೊದಲು. ಪಕ್ಕದಲ್ಲಿ ಮೊಪೆಡ್ಡಿನ ಸದ್ದು ಕೇಳಿಸಿತು. ಎಂಜಿನ್ ಆರಿಸಿದರು. ಇಳಿಜಾರಿನಲ್ಲಿ ಕಿವಿಗೊಟ್ಟು ಜಾರಿಕೊಂಡು ಬಂದರು.

"ಆ ಕಾಲು ಸದ್ದೇ ಮಾಡ್ತಿಲ್ವಲ್ಲ," ಎಂದರು. "ಏನು ಹಾಕ್ಸಿದೀರಾ ಅದಕ್ಕೆ?"

ನಾನು ರಸ್ತೆಯನ್ನೇ ನೋಡುತ್ತಾ ಓಡಿದೆ.

"ನಿಲ್ಲಿ. ಹರಿದು ಹೋಗ್ತದೆ. ಕೈ ಮುಗೀತೀನಿ, ನಿಲ್ಲಿ."

ಅವರು ಯಾರಿಗಾದರೂ ಕೈ ಮುಗಿಯುತ್ತೇನೆ ಎಂದದ್ದನ್ನು ನಾನು ಅದೊಂದೇ ಸಲ ಕೇಳಿದ್ದು. ಹೋಗ್ರೀ ಆಚೆ ಎಂದು ಕೂಗಿ ವೇಗ ಹೆಚ್ಚಿಸಿದೆ. ಮೊಪೆಡ್ ಗುರ್ರೆಂದು ಮುಂದಕ್ಕೆ ಹೋಯಿತು. ಒಂದು ಟೀ ಅಂಗಡಿಯ ಮುಂದೆ ಅದನ್ನು ರಸ್ತೆಗೆ ಅಡ್ಡ ಕೆಡವಿ, ಕೋಲು ಹಿಡಿದು ಎದುರಿಗೇ ಬಂದರು. ಬೀಸಿದ ಏಟು ತೊಡೆಗೆ ಬಿತ್ತು. ನಾಯಿಗೆ ಬಿದ್ದದ್ದಕ್ಕಿಂತ ಜೋರಾಗಿತ್ತು. ಮೂಳೆಯೇ ಮುರಿಯಿತು ಎಂದುಕೊಂಡೆ. ದಬ್ಬನೆ ಮಣ್ಣಿನಲ್ಲಿ ಬಿದ್ದೆ, ಅಂಗೈ ಕಿತ್ತುಹೋಯಿತು, ಬಾಯಿ ತುಂಬಾ ಮಣ್ಣು.

ಟೀ ಅಂಗಡಿಯಿಂದ ಜನ ನುಗ್ಗಿದರು. ಗಡ್ಡದ ಮುದುಕನೊಬ್ಬ ಓಡುವವನನ್ನು ಹೊಡೆದು ಕೆಡವಿದ, ಅವರಿಗೆ ಕಂಡದ್ದು ಅಷ್ಟೇ. ಯಾರೋ ಟೋಪಿ ಕಿತ್ತು ಎಸೆದರು. ಕೆನ್ನೆಗೆ ಹೊಡೆದರು, ಹೊಟ್ಟೆಗೆ ಒದ್ದರು. ಚಾಚಾ ಬಿದ್ದರು, ಆದರೆ ಕೋಲು ಬಿಡಲಿಲ್ಲ. ಒಬ್ಬ ಅದನ್ನು ಕಿತ್ತುಕೊಳ್ಳಲು ಅವರ ಬೆರಳುಗಳನ್ನು ಹಿಂದಕ್ಕೆ ಮಡಿಸಿದ. ಆ ಸದ್ದು ನನಗೆ ಕೇಳಿಸಿತು. ಅಷ್ಟಾದರೂ ಅವರು ಕೂಗಲಿಲ್ಲ, ನನ್ನ ಕಡೆ ನೋಡಿದರು.

ಓಟದ ಕಾರ್ಯಕರ್ತನೊಬ್ಬ ನನ್ನ ಕಂಕುಳಿಗೆ ಕೈ ಹಾಕಿ ಎತ್ತುತ್ತಾ ಕೇಳಿದ, "ಯಾರು ಸಾರ್ ಇವ್ನು, ಗೊತ್ತಾ ನಿಮ್ಗೆ?"

ಇಬ್ಬರು ಓಟಗಾರರು ನನ್ನನ್ನು ದಾಟಿ ಹೋಗುತ್ತಿದ್ದರು. ಕಪ್ಪು ಹೋಯಿತು ಎಂಬ ಉರಿ ಬಿಟ್ಟರೆ ನನ್ನೊಳಗೆ ಏನೂ ಇರಲಿಲ್ಲ.

"ಗೊತ್ತಿಲ್ಲ," ಎಂದೆ.

ಅದನ್ನು ಬರೆಯಲು ನನಗೆ ಇಷ್ಟು ದಿನ ಬೇಕಾಯಿತು. ಎರಡೇ ಮಾತು, ನಮ್ಮ ಚಾಚಾ ಅಂದಿದ್ದರೆ ಸಾಕಿತ್ತು, ಅಷ್ಟು ಕೈಗಳೂ ಕೆಳಗಿಳಿಯುತ್ತಿದ್ದವು. ಆಮೇಲೂ ಒಂದಷ್ಟು ಹೊಡೆದರು. ಪೊಲೀಸರು ಬಂದು ಅವರನ್ನು ಜೀಪಿಗೆ ಹತ್ತಿಸಿದರು. ನಾನು ಎದ್ದು ಮತ್ತೆ ಓಡಲು ನೋಡಿದೆ. ಹತ್ತು ಹೆಜ್ಜೆಗೆ ಬಲಗಾಲು ಮಡಿಸಿಕೊಂಡಿತು.

ಚಿಕ್ಕಬಳ್ಳಾಪುರದಲ್ಲಿ ಸ್ಕ್ಯಾನ್ ಮಾಡಿದ ಡಾಕ್ಟರು ಬಲಗಾಲಿನ ಎಲುಬಿನಲ್ಲಿ ಬಿರುಕು ಮುಕ್ಕಾಲು ಪಾಲು ದಾಟಿರುವುದನ್ನು ತೋರಿಸಿದರು. ಇದರ ಮೇಲೆ ಇನ್ನೊಂದೆರಡು ಕಿಲೋಮೀಟರ್ ಓಡಿದ್ದರೆ ಎರಡು ತುಂಡಾಗಿ ಚರ್ಮ ಹರಿದುಕೊಂಡು ಹೊರಬರುತ್ತಿತ್ತು, ನಿಲ್ಲಿಸಿದವರು ಯಾರು ಎಂದು ಕೇಳಿದರು. ಏಟು ಬಿದ್ದ ತೊಡೆ ನೀಲಿಗಟ್ಟಿತ್ತು. ಅದು ಎಡದ್ದು ಎಂದು ನಾನು ಗಮನಿಸಿದ್ದು ಆಗಲೇ. ಅಷ್ಟು ಸಿಟ್ಟಿನಲ್ಲೂ ಆ ಮನುಷ್ಯ ಒಳ್ಳೆಯ ಕಾಲನ್ನು ಆರಿಸಿ ಹೊಡೆದಿದ್ದರು. ಆಸ್ಪತ್ರೆಯ ಮಂಚದ ಮೇಲೆ ಕೂತು ನಾನು ಅತ್ತೆ.

ನಲವತ್ತು ದಿನ ಅವರ ಮನೆಗೆ ಹೋಗುವ ಧೈರ್ಯ ಬರಲಿಲ್ಲ. ಹೋದಾಗ ತೊಟ್ಟಿಯ ಮುಂದೆ ಸೊಸೆ ಕೂತಿದ್ದಳು. ಅವಳ ಬೆರಳುಗಳಿನ್ನೂ ಕೆಂಪಾಗಿದ್ದವು, ಬೆಳ್ಳಗಾಗಿರಲಿಲ್ಲ. ಚಾಚಾ ಬಾಗಿಲ ಬಳಿ ಮಣೆಯ ಮೇಲಿದ್ದರು. ಬಲಗೈಯ ತೋರುಬೆರಳೂ ನಡುಬೆರಳೂ ಸೊಟ್ಟಗೆ ಕೂಡಿಕೊಂಡಿದ್ದವು. ಅವು ಇನ್ನು ಎಳೆ ಹಿಡಿಯಲಾರವು. ನಾನು ಊರುಗೋಲು ಬಿಟ್ಟು ಅವರ ಕಾಲಿಗೆ ಬಗ್ಗಲು ಹೋದೆ. ಎಡಗೈಯಿಂದ ತಳ್ಳಿದರು.

"ಅವತ್ತು ಗೊತ್ತಿಲ್ಲ ಅಂದ್ರಿ, ಕೇಳಿಸ್ತು," ಎಂದರು. "ಸ್ಟೇಷನ್‌ನಲ್ಲಿ ನನ್ನೂ ಕೇಳಿದ್ರು, ಓಡ್ತಿದ್ದೋನು ಯಾರು, ಏನು ದ್ವೇಷ ಅಂತ. ನಾನೂ ಗೊತ್ತಿಲ್ಲ ಅಂದೆ. ಕೇಸು ಗೀಸು ಅಂತ ನಿಮ್ಮ ಕಚೇರಿಗೆ ಹೋದ್ರೆ ಕಷ್ಟ ಅಲ್ವಾ ನಿಮ್ಗೆ."

ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವರು ಊರುಗೋಲನ್ನು ಕಿತ್ತು ಗೋಡೆಗೆ ಎಸೆದು, ಬಾಗಿಲಿನಿಂದ ತೊಟ್ಟಿಯವರೆಗೆ ನಡೆಯಿರಿ ಎಂದು ಗದರಿದರು. ಸೊಸೆಗೆ ಚಕ್ರ ನಿಲ್ಲಿಸಲು ಹೇಳಿ ಕಣ್ಣು ಮುಚ್ಚಿಕೊಂಡು ಕೇಳಿದರು. ಇನ್ನೂ ಇಲ್ಲ, ಹದಿನೈದು ದಿನ ಬಿಟ್ಟು ಬನ್ನಿ ಎಂದರು. ಹೋದೆ. ಆಮೇಲೆ ನಾಲ್ಕು ವರ್ಷ ಅವರು ಹೂಂ ಎನ್ನದೆ ಒಂದು ಓಟಕ್ಕೂ ನಾನು ಹೆಸರು ಕೊಡಲಿಲ್ಲ. ಅವರು ಮತ್ತೆಂದೂ ಕೋಲು ಹಿಡಿಯಲಿಲ್ಲ. ಹಿಡಿಯಲು ಬರುತ್ತಿರಲಿಲ್ಲ.

ಹೋದ ಚಳಿಗಾಲ ಹೋಗಿಬಿಟ್ಟರು. ಅಷ್ಟು ವರ್ಷ ಕುಡಿದ ಹೊಗೆ, ಆವಿ, ಎಲ್ಲ ಎದೆಯಲ್ಲಿ ಕೂತಿತ್ತು. ಖಬರಸ್ತಾನದವರೆಗೆ ನಾನೂ ಹೆಗಲು ಕೊಟ್ಟೆ.

ಈ ವರ್ಷ ಗೌರಿಬಿದನೂರಿನ ಓಟಕ್ಕೆ ಹೋದೆ. ನಗರಗೆರೆ ಕಡೆಯಿಂದ ತಿರುಗಿ ಬರುವಾಗ ಆ ಟೀ ಅಂಗಡಿ ಕಂಡಿತು. ನಿಂತೆ. ಹಾಗೆ ಮಾಡಬೇಕೆಂದೇ ಹೋಗಿದ್ದೆ. ಟೀ ತೆಗೆದುಕೊಂಡು, ಕೆಲವು ವರ್ಷಗಳ ಕೆಳಗೆ ಇಲ್ಲೊಂದು ಗಲಾಟೆ ಆಯಿತಲ್ಲ, ಕೋಲು ಹಿಡಿದ ಮುದುಕರು ಎಂದು ಕೇಳಿದೆ. ಅಂಗಡಿಯವನಿಗೆ ಚೆನ್ನಾಗಿ ನೆನಪಿತ್ತು. ಸರಿಯಾಗಿ ಬಾರಿಸಿದೆವು ಅವತ್ತು ಎಂದ. ಕುದಿಯುವ ಟೀ ಅವನ ಮುಖಕ್ಕೆ ಎರಚಬೇಕೆನಿಸಿತು. ಅವತ್ತು ಏಟು ತಿನ್ನಬೇಕಾದವನು ಈ ಲೋಟ ಹಿಡಿದಿರುವವನೇ ಎಂಬುದೂ ನೆನಪಾಯಿತು.

"ಯಾರೋ ಏನೋ ಹುಚ್ಚ," ಎಂದ ಅವನು. "ಯಾಕೆ ಸಾರ್, ನಿಮ್ಗೆ ಗೊತ್ತಾ ಅವ್ನು?"

"ಗೊತ್ತು," ಎಂದೆ. "ನಮ್ಮ ಚಾಚಾ."

ಬೆಂಚಿನ ಮೇಲೆ ಕೂತು, ಬೆರಳಚ್ಚಿನ ಯಂತ್ರದಿಂದ ಶುರುಮಾಡಿ ಎಲ್ಲವನ್ನೂ ಅವನಿಗೆ ಹೇಳಿದೆ. ಹೇಳಿ ಮುಗಿಸುವಷ್ಟರಲ್ಲಿ ಕೊನೆಯ ಓಟಗಾರನೂ ನಮ್ಮನ್ನು ದಾಟಿ ಹೋಗಿದ್ದ.