ಅಮ್ಮಾಜಮ್ಮನ ಕೋಲಾ ಮಾಂಸ

ಅಮ್ಮಾಜಮ್ಮನಿಗೆ ಸಿಟ್ಟು ಬಂದರೆ ಮೊದಲು ಸೆರಗು ಸೊಂಟಕ್ಕೆ ಹೋಗುತ್ತದೆ, ಆಮೇಲೆ ಬಾಯಿ ತೆರೆಯುತ್ತದೆ. ಚಿನ್ನದ ಗಣಿಯ ಕೋರಮಂಡಲ್ ಕಾಲೊನಿಯ ಈ ಹೆಂಗಸು ಇಪ್ಪತ್ತು ವರ್ಷದಿಂದ ಬಂಗಾರಪೇಟೆ, ಬೇತಮಂಗಲದ ಕಡೆ ಬೀಗರೂಟಗಳಿಗೆ ಮಾಂಸ ಬೇಯಿಸುತ್ತಿದ್ದಾಳೆ. ಒಪ್ಪಿಕೊಳ್ಳುವ ಮುಂಚೆ ಅವಳದು ಒಂದೇ ಷರತ್ತು: ಕೆಲಸ ಮುಗಿದ ಮೇಲೆ ತನಗೂ ಪಂಕ್ತಿಯಲ್ಲೇ ಎಲೆ ಹಾಕಬೇಕು. ಅವಳ ಅತ್ತೆ ಜೀವಮಾನವಿಡೀ ಮದುವೆ ಮನೆಗಳ ಬೋಟಿ ತೊಳೆದು, ತಲೆಕಾಲು ಸುಟ್ಟುಕೊಟ್ಟು, ಜಾತಿಯ ಕಾರಣಕ್ಕೆ ದನದ ಕೊಟ್ಟಿಗೆಯ ಪಕ್ಕ ಉಂಡು ಸತ್ತವಳು. ಅದನ್ನು ಕಣ್ಣಾರೆ ಕಂಡ ಸೊಸೆ, ನನ್ನ ಕಾಲಕ್ಕೆ ಇದು ನಡೆಯಕೂಡದು ಎಂದು ಹಠ ಹಿಡಿದಳು.

ಗಣಿ ಮುಚ್ಚಿ ಗಂಡ ಆರುಮುಗಂ ಮನೆಯಲ್ಲಿ ಕೂತ ಮೇಲೆ ಅವಳ ಸೌಟೇ ಸಂಸಾರ ನಡೆಸಿತು. ಆಗೆಲ್ಲ ಕೋಲಾ ಬರುತ್ತಿದ್ದದ್ದು ಗಾಜಿನ ಬಾಟಲಿಯಲ್ಲಿ. ಊಟವಾದ ಕೂಡಲೇ ಖಾಲಿ ಬಾಟಲಿ ಅಂಗಡಿಗೆ ವಾಪಸ್ಸು ಹೋಗಬೇಕು. ಒಂದು ನಾಮಕರಣದಲ್ಲಿ ಮುಚ್ಚಳ ತೆಗೆದು ಯಾರೂ ಕುಡಿಯದೆ ಬಿಟ್ಟ ಹತ್ತು ಬಾಟಲಿ ಉಳಿದವು. ಮೋರಿಗೆ ಸುರಿಯಲು ಮನಸ್ಸು ಬಾರದೆ, ರಾತ್ರಿಯ ಊಟಕ್ಕೆಂದು ಮಸಾಲೆ ಸವರಿಟ್ಟಿದ್ದ ಮುದಿ ಟಗರಿನ ಮಾಂಸಕ್ಕೆ ಸುರಿದಳು. ಹಲ್ಲಿಗೆ ಜಗ್ಗದಂಥ ಮಾಂಸ ಬೆಣ್ಣೆಯಂತೆ ಬೆಂದಿತು. ಅಂದಿನಿಂದ ಅದೇ ಅವಳ ಕ್ರಮ. ಕೋಲಾ, ಶುಂಠಿ, ಬೆಳ್ಳುಳ್ಳಿ, ಖಾರದಪುಡಿ; ನೆನೆಯಲು ಎರಡೇ ಗಂಟೆ. ಮೀರಿದರೆ ಮಾಂಸ ಹಿಟ್ಟು ಹಿಟ್ಟಾಗುತ್ತದೆ. ಉಳಿದ ಕೋಲಾವನ್ನು ಟೊಮೆಟೊ, ಹುಣಸೆಹಣ್ಣಿನ ಜೊತೆ ಕಾಸಿ ಗಟ್ಟಿ ಸಾಸ್ ಮಾಡುತ್ತಾಳೆ. ಯಾರು ಕೇಳಿದರೂ ಹೇಳಿಕೊಡುತ್ತಾಳೆ, ಗುಟ್ಟಿನ ಜಂಬ ಅವಳಿಗಿಲ್ಲ.

ಹೋದ ಬೇಸಿಗೆಯಲ್ಲಿ ಬಂಗಾರಪೇಟೆಯ ಸಿಮೆಂಟ್ ವ್ಯಾಪಾರಿ ಚಲಪತಿ ಮಗಳ ಬೀಗರೂಟಕ್ಕೆ ಕರೆದ. ಷರತ್ತು ಕೇಳಿ ನಕ್ಕ. “ಎಲೆ ತಾನೇ? ಆಕ್ಸೋಣ ಬಾರಮ್ಮ.”

ಅವತ್ತು ಅವನ ಅಕ್ಕನ ಮಗ ಶ್ರೀಧರನದೂ ಒಂದು ಒಲೆ. ಬೆಂಗಳೂರಿನಲ್ಲಿ ಹೋಟೆಲ್ ಓದು ಓದಿದವನು. ತಲೆಗೆ ಉದ್ದ ಬಿಳಿ ಟೋಪಿ, ಕೆಂಡದ ಮೇಲೆ ಬಾರ್ಬೆಕ್ಯೂ ಕೋಳಿ. ಸಾಸಿನ ವಿಧಾನವನ್ನು ಮಾತ್ರ ಅಮ್ಮಾಜಮ್ಮನನ್ನೇ ಕೇಳಿ ಮೊಬೈಲಿನಲ್ಲಿ ಬರೆದುಕೊಂಡಿದ್ದ. ಬೀಗರು ಬಂದಿಳಿದ ಹೊತ್ತಿಗೆ ಓಡೋಡಿ ಬಂದ. ಒಂದು ಗಂಟೆ ಕುದಿಸಿದರೂ ಸಾಸ್ ನೀರು ನೀರು, ಬಾಯಿಗಿಟ್ಟರೆ ಕಹಿ. ಅಮ್ಮಾಜಮ್ಮ ಅಂಗೈಗೆ ಬಿಟ್ಟುಕೊಂಡು ನೆಕ್ಕಿ ಉಗಿದಳು.

“ಥೂ! ಯಾವ ಬಾಟ್ಲು ಉಯ್ದೆ ಮಗಾ?”

“ಮನೇಲಿದ್ದಿದ್ದೇ ಆಂಟಿ. ಮಾವಂಗೆ ಶುಗರ್ ಅಲ್ವಾ, ಸಕ್ಕರೆ ಇಲ್ದಿರೋದೇ ತರ್ಸೋದು.”

“ನಿಮ್ಮಾವ ಕುಡಿಯೋಕೆ ಸರೋಯ್ತು. ಸಕ್ರೆ ಇಲ್ದೆ ಒಲೆ ಮೇಲೆ ಅದೆಂಗ್ಲಾ ಗಟ್ಟಿಯಾಯ್ತದೆ? ಚೆಲ್ಲು, ಓಗು. ಅಂಗಡಿಯಿಂದ ಬ್ಯಾರೇದು ತತ್ತಾ.”

ಅರ್ಧ ಗಂಟೆ ಕೆಂಡದ ಮುಂದೆ ನಿಂತು ಹೊಸದಾಗಿ ಸಾಸ್ ಕಾಸಿ, ಒಂದೊಂದು ತುಂಡಿಗೂ ತಾನೇ ಸವರಿ ಕೊಟ್ಟಳು. ಬೀಗರು ಬೆರಳು ಚೀಪಿದರು. ಚಲಪತಿ ಶ್ರೀಧರನನ್ನು ಎಲ್ಲರೆದುರು ನಿಲ್ಲಿಸಿ, “ನಮ್ಮುಡ್ಗನ ಕೈರುಚಿ” ಎಂದು ಶಾಲು ಹೊದಿಸಿದ. ಆ ಹುಡುಗನೂ ಶಾಲು ಸರಿಮಾಡಿಕೊಂಡು ಎಲ್ಲರಿಗೂ ಕೈಮುಗಿದ. ಏಪ್ರಿಲ್ ಬಿಸಿಲಿಗೆ ಶಾಲು ಹೊದ್ದು ಬೇಯಲಿ ಬಿಡು ಎಂದುಕೊಂಡಳು ಅಮ್ಮಾಜಮ್ಮ. ಅವಳಿಗೆ ಬೇಕಿದ್ದದ್ದು ಶಾಲಲ್ಲ.

ಕೊನೆಯ ಪಂಕ್ತಿಯ ಹೊತ್ತಿಗೆ ಕೈಕಾಲು ತೊಳೆದು ಬಂದರೆ, ಅವಳ ಎಲೆ ಹಿತ್ತಲಿನ ಶೆಡ್ಡಿನಲ್ಲಿ ಗ್ಯಾಸ್ ಸಿಲಿಂಡರುಗಳ ಪಕ್ಕದಲ್ಲಿತ್ತು.

“ಏನ್ ಚಲಪತಣ್ಣ ಇದು?”

“ಬೀಗರ ಕಡೇರು ಅಳೇ ಕಾಲದೋರು ಕಣಮ್ಮ. ಇದೊಂದಿನ ಅಡ್ಜಸ್ಟ್ ಮಾಡ್ಕೋ.”

ಸೆರಗು ಸೊಂಟಕ್ಕೆ ಹೋಯಿತು. ಆ ಎಲೆಯನ್ನು ಎತ್ತಿಕೊಂಡು ಶಾಮಿಯಾನದೊಳಗೆ ನಡೆದಳು. ಜಮಖಾನದ ಮೇಲೆ ಸಾಲಾಗಿ ಕೂತಿದ್ದವರ ನಡುವೆ, ಮದುಮಗನ ತಾಯಿ ಅಂಜನಮ್ಮನ ಪಕ್ಕದಲ್ಲೇ ಎಲೆ ಹಾಸಿ ಕೂತಳು. ಅಟ್ಟಿಸಿಕೊಂಡು ಬಂದ ಚಲಪತಿ ಏಳು ಏಳು ಎಂದು ಕಣ್ಣಲ್ಲೇ ಗದರಿದ.

“ನೋಡ್ರಪ್ಪಾ,” ಅಮ್ಮಾಜಮ್ಮನ ದನಿ ಶಾಮಿಯಾನದ ಆಚೆಗೂ ಕೇಳಿತು, “ಇವತ್ತು ನೀವುಂಡ ಮಾಂಸ ಎಲ್ಲಾ ಕಲ್ಸಿದ್ದು ಈ ಕೈ. ಶಾಲು ಆಕಿಸ್ಕೊಂಡವನ ಕೋಳಿಗೆ ಸಾಸ್ ಕಾಸಿದ್ದೂ ಇದೇ ಕೈ. ಕೈ ಬೇಕು, ನಾನ್ ಪಕ್ಕ ಕೂತ್ರೆ ಆಗಾಕಿಲ್ವಾ? ನೀವೇ ಬ್ಯಾಡ ಅಂದ್ರಂತಲ್ಲ, ನನ್ ಮುಖ ನೋಡಿ ಅನ್ರಿ!”

ಅಂಜನಮ್ಮ ಕೈಯಲ್ಲಿದ್ದ ತುತ್ತನ್ನು ಎಲೆಗೆ ಇಳಿಸಿ ಚಲಪತಿಯತ್ತ ತಿರುಗಿದಳು. “ನಾವ್ಯಾವಾಗ ಅಂದ್ವಿ ಬೀಗ್ರೇ? ನಿಮ್ ಕೊಳ್ಕಿಗೆ ನಮ್ಮೆಸ್ರು ಯಾಕೆ?”

ಅಷ್ಟು ಕೇಳಿ ಅಮ್ಮಾಜಮ್ಮನ ಸಿಟ್ಟು ಇಳಿಯಲಿಲ್ಲ, ನೆತ್ತಿಗೇರಿತು. ಹಾಗಾದರೆ ಬೇಡವಾಗಿದ್ದು ಈ ಮನುಷ್ಯನಿಗೇ. ನಗುನಗುತ್ತಾ ಮಾತು ಕೊಟ್ಟು, ಬೆಳಗಿನಿಂದ ಅವಳ ಕೈಲಿ ಬೇಯಿಸಿಕೊಂಡು ತಿಂದು, ಕೊನೆಗೆ ಸುಳ್ಳನ್ನೂ ಬೀಗರ ತಲೆಗೆ ಕಟ್ಟಿದ್ದ. ಬಡಿಸುವವರು ಚಲಪತಿಯ ಮುಖ ನೋಡಿದರು, ಆಮೇಲೆ ಅಂಜನಮ್ಮನ ಮುಖ ನೋಡಿ ಅನ್ನ, ಮಾಂಸ ಬಡಿಸಿದರು. ಅಮ್ಮಾಜಮ್ಮ ಒಂದು ತುತ್ತು ಕಲಸಿ ಬಾಯಿಗಿಟ್ಟು ನಿಧಾನಕ್ಕೆ ಅಗಿದಳು.

“ಉಪ್ಪು ಸಾಲ್ದು,” ಎಂದಳು. ಬಡಿಸುವವನೊಬ್ಬ ಉಪ್ಪು ತರಲು ತಿರುಗಿದ. ಅವನನ್ನು ಕೈಯಲ್ಲೇ ತಡೆದಳು. “ನೀನಲ್ಲಪ್ಪ. ಚಲಪತಿ, ನೀನ್ ತತ್ತಾ.”

ಅಣ್ಣ ಎನ್ನಲಿಲ್ಲ. ಬೀಗರೆಲ್ಲ ಊಟ ಬಿಟ್ಟು ನೋಡುತ್ತಿದ್ದರು. ಚಲಪತಿ ಉಪ್ಪಿನ ಬಟ್ಟಲು ಹಿಡಿದು ಅವಳ ಎಲೆಯ ಮುಂದೆ ಬಗ್ಗಿದ.

“ಇನ್ನೂ ಬಗ್ಗು,” ಎಂದಳು ಅಮ್ಮಾಜಮ್ಮ, “ಕೆಳಗೆ ಚೆಲ್ತದೆ.”